ಅಪ್ಪಯ್ಯ ಹಾಲು ಬಿಟ್ಟದ್ದು

ಕೊಪ್ಪದಿಂದ ಶೃಂಗೇರಿಗೆ ಹೋಗುವ ಎರಡೂಕಾಲರ ಬಸ್ಸಿನ ಕಂಡಕ್ಟರಿಗೆ ಮೊದಲ ದಿನದಿಂದಲೂ ಆ ಪೆಟ್ಟಿಗೆಯ ಮೇಲೇ ಕಣ್ಣು. ನೋಡಲು ಒಂದು ಸಣ್ಣ ಹಾರ್ಮೋನಿಯಂನಷ್ಟಿತ್ತು. ಅದನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಮೇಲಿನ ಹಲಗೆಗೆ ಹಾಕಲು ಬಿಡದೆ, ಮಹಿಮಾ ಹಸುಗೂಸಿನ ಹಾಗೆ ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು.

“ಎಂತ ಮೇಡಂ, ದಿನ ಬಿಟ್ಟು ದಿನ ಶೃಂಗೇರೀಲಿ ಕಛೇರಿಯಾ?” ಎಂದು ಅವನು ಕೇಳಿಯೇಬಿಟ್ಟ.

“ಹೌದು ಮಾರಾಯ. ಆದ್ರೆ ಈ ಕಛೇರಿ ಯಾರ ಕಿವಿಗೂ ಕೇಳೂದಿಲ್ಲ.”

“ಹಂಗಾರೆ ಪೆಟ್ಟಿಗೆಗೆ ಟಿಕೇಟು ಬೇಡ ಬಿಡಿ. ಶಬ್ದ ಬಂದ್ರೆ ಮಾತ್ರ ಲಗೇಜು.”

ಮಹಿಮಾ ಕೊಪ್ಪದಲ್ಲಿ ಫಿಸಿಯೋಥೆರಪಿ ಮಾಡುವವಳು. ಹೇಳಿಕೊಳ್ಳುವಂಥ ದೊಡ್ಡ ಕ್ಲಿನಿಕ್ಕೇನಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಮಂಚ, ನಡುವೆ ಒಂದು ಪರದೆ, ಗೋಡೆಗೆ ಕಟ್ಟಿದ ರಾಟೆ. ಅಡಿಕೆ ಸುಲಿದೂ ಸುಲಿದೂ ಹೆಗಲು ಹಿಡಿದವರು, ಮಂಡಿ ಸವೆದವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಂಡಿ ಸವೆದವರಿಗೆ ಮಹಡಿ ಮೇಲೆ ಚಿಕಿತ್ಸೆ ಇಟ್ಟವಳು ನೀನೊಬ್ಬಳೇ ಎಂದು ಬೈದುಕೊಂಡೇ ಬರುತ್ತಿದ್ದರು. ಬೆಳಿಗ್ಗೆ ಇಬ್ಬರು ಮಕ್ಕಳ ಬುತ್ತಿ ಕಟ್ಟಿ, ಹೈಸ್ಕೂಲು ಮೇಷ್ಟ್ರಾದ ಗಂಡ ಕಶ್ಯಪನನ್ನು ಕಳಿಸಿ, ಹತ್ತಕ್ಕೆ ಬಾಗಿಲು ತೆಗೆದರೆ ಮತ್ತೆ ಹಾಕುತ್ತಿದ್ದುದು ಏಳಕ್ಕೆ. ಆದರೆ ಎರಡು ಸಾವಿರದ ಆರನೇ ಇಸವಿಯ ಮಾರ್ಗಶಿರದ ಕೊನೆಯಿಂದ ದಿನ ಬಿಟ್ಟು ದಿನ ಎರಡು ಗಂಟೆಗೇ ಬಾಗಿಲು ಹಾಕತೊಡಗಿದಳು. ಶೃಂಗೇರಿಯಲ್ಲಿ ಅವಳ ಅಪ್ಪಯ್ಯನ ಕಾಲು ಉಳಿಯಬೇಕಿತ್ತು.

ಅಪ್ಪಯ್ಯ ಎಂದರೆ ಶ್ರೀನಿವಾಸಮೂರ್ತಿಗಳು. ಅರವತ್ತೆಂಟು ವರ್ಷ, ಅದರಲ್ಲಿ ನಲವತ್ತೈದು ವರ್ಷ ವೇದಪಾಠ ಹೇಳಿದವರು, ಸುತ್ತಿನ ಮೂರು ತಾಲ್ಲೂಕಿನಲ್ಲಿ ಹೋಮ ಹವನಕ್ಕೆ ಋತ್ವಿಕ್ಕಾಗಿ ಕೂತವರು. ಹಿಂದಿನ ವರ್ಷ ನರಸಿಂಹರಾಜಪುರದ ಕಡೆ ಶೆಟ್ಟಿಕೊಪ್ಪಕ್ಕೆ ಗಣಹೋಮಕ್ಕೆಂದು ಹೋದವರು, ಬೆಳಿಗ್ಗೆ ತಣ್ಣೀರು ಮಿಂದು ಒದ್ದೆ ಪಂಚೆಯಲ್ಲಿ ಬಾವಿಕಟ್ಟೆ ಇಳಿಯುವಾಗ ಜಾರಿದರು. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಒಳಗೆ ರಾಡು ಹಾಕಿದರು. ಆರು ತಿಂಗಳು ಎಲ್ಲ ಸರಿಯಿದ್ದ ಹಾಗೇ ಇತ್ತು. ಆಮೇಲೆ ಹೊಲಿಗೆಯ ಪಕ್ಕದಲ್ಲಿ ಒಂದು ಸಣ್ಣ ಕಣ್ಣು ಬಿಟ್ಟುಕೊಂಡು ಕೀವು ಒಸರತೊಡಗಿತು. ಔಷಧ ತೆಗೆದುಕೊಂಡರೆ ಬತ್ತುವುದು, ಬಿಟ್ಟರೆ ಮತ್ತೆ ಒಸರುವುದು.

ಪ್ರತಿ ಗುರುವಾರ ಶಿವಮೊಗ್ಗದಿಂದ ಕೊಪ್ಪಕ್ಕೆ ಬರುತ್ತಿದ್ದ ಮೂಳೆ ಡಾಕ್ಟರು ಧರ್ಮಪ್ಪ. ನಿಧಾನದ ಮನುಷ್ಯ, ರೋಗಿಗೆ ತಿಳಿಯುವ ಹಾಗೆ ಹೇಳುವವರೆಗೂ ಬಿಡುವವರಲ್ಲ.

“ರಾಡಿನ ಮೇಲೆ ಕ್ರಿಮಿಗಳು ಮನೆ ಮಾಡಿಕೊಂಡಿವೆ ಭಟ್ರೇ. ಕೆರೆ ಮೆಟ್ಟಿಲ ಮೇಲೆ ಪಾಚಿ ಕಟ್ಟೂದಿಲ್ವಾ, ಹಾಗೆ ಒಂದು ಲೋಳೆ. ಔಷಧ ಹೋಗಿ ಹೊರಗೆ ಓಡಾಡೋವನ್ನ ಕೊಲ್ತದೆ. ಲೋಳೆ ಒಳಗೆ ಕೂತವಕ್ಕೆ ತಾಗೂದೇ ಇಲ್ಲ. ನಾವು ಔಷಧ ನಿಲ್ಲಿಸಿದ ಕೂಡಲೇ ಅವು ಮತ್ತೆ ಸಂಸಾರ ಶುರು ಮಾಡ್ತವೆ.”

“ಹಾಗಾದ್ರೆ ರಾಡೇ ತೆಗೆದ್ರೆ?” ಎಂದಿದ್ದಳು ಮಹಿಮಾ.

“ಮೂಳೆ ಇನ್ನೂ ಕೂಡಿಲ್ಲ. ತೆಗೆದು, ಕೆರೆದು, ಮತ್ತೆ ಹಾಕಬೇಕು. ಇವರ ಹೃದಯ ಅಷ್ಟನ್ನ ತಡೀಲಿಕ್ಕಿಲ್ಲ. ಒಂದೇ ಸಲಕ್ಕೆ ಮುಗಿಯೋದು ಅಂದ್ರೆ…” ಡಾಕ್ಟರು ಕೈಯಂಚಿನಿಂದ ತಮ್ಮದೇ ತೊಡೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದರು.

ಶ್ರೀನಿವಾಸಮೂರ್ತಿಗಳು ಆ ಗೆರೆಯನ್ನು ನೋಡಿದರು. ಆಮೇಲೆ, “ಅಂಗಹೀನ ಋತ್ವಿಕ್ಕಾಗಿ ಕೂರೂ ಹಾಗಿಲ್ಲ ಡಾಕ್ಟ್ರೇ. ನಾನು ಹಿಡಿದ ದಾರಿಯಲ್ಲಿ ಹಾಗೇ ಇರೂದು. ಜೀವ ಇರ್ತದೆ, ಕೆಲಸ ಇರೂದಿಲ್ಲ” ಎಂದರು. ಬೇಡಿಕೊಳ್ಳುವ ದನಿಯೇನಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದರು.

ಮುಂದಿನ ಗುರುವಾರ ಧರ್ಮಪ್ಪ ಮಹಿಮಾಳನ್ನು ಒಬ್ಬಳನ್ನೇ ಕರೆದು ಕೆಲವು ಹಾಳೆಗಳನ್ನು ಕೊಟ್ಟರು. ಹೊರದೇಶದ ಯಾವುದೋ ಪತ್ರಿಕೆಯ ಲೇಖನದ ಪ್ರತಿ. ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸುವ ಶಬ್ದ ಇದೆಯಲ್ಲ, ಅಲ್ಟ್ರಾಸೌಂಡು, ಅದನ್ನು ಮೈ ಮೇಲಿಂದ ಹಾಯಿಸಿದರೆ ಆ ಲೋಳೆಯೊಳಗೆ ಔಷಧ ನುಗ್ಗಲು ದಾರಿಯಾಗುತ್ತದೆ ಎಂದು ಅದರಲ್ಲಿತ್ತು. ಮಹಿಮಾಳ ಕ್ಲಿನಿಕ್ಕಿನಲ್ಲೂ ನೋವಿಗೆ ಕೊಡುವ ಅಂಥದೊಂದು ಯಂತ್ರವಿತ್ತು. ಆದರೆ ಇದಕ್ಕೆ ಅದಕ್ಕಿಂತ ತುಂಬ ಕೆಳಗಿನ ಸ್ಥಾಯಿಯದು ಬೇಕು.

“ಕರಾವಳಿ ಕಡೆ ಒಂದು ಕಾಲೇಜಲ್ಲಿ ನನ್ನ ಗೆಳೆಯರ ಹತ್ರ ಅಂಥದೊಂದಿದೆ. ಎಂಟು ವಾರಕ್ಕೆ ಕೊಡ್ತಾರೆ. ಅಲ್ಲಿಂದ ಬರವಣಿಗೆಯ ಒಪ್ಪಿಗೆನೂ ತರಿಸ್ತೇನೆ, ಭಟ್ರ ಸಹಿನೂ ಬೇಕು. ಆದ್ರೆ ಕೇಳಿ ಮೇಡಂ, ಇದು ಇನ್ನೂ ಗಾಜಿನ ತಟ್ಟೆಯಲ್ಲಿ, ಮೊಲದ ಮೈಯಲ್ಲಿ ನೋಡಿದ ಮಾತು. ಆಣೆ ಪ್ರಮಾಣ ಮಾಡಿ ಹೇಳೋಕೆ ಬರೂದಿಲ್ಲ. ಇನ್ನೊಂದು. ಔಷಧ ರಕ್ತದಲ್ಲಿ ಇರುವಾಗಲೇ ಶಬ್ದ ಕೊಡಬೇಕು. ಬರೀ ಶಬ್ದ ಕೊಟ್ರೆ ಕ್ರಿಮಿಗೆ ಏನೂ ಆಗೂದಿಲ್ಲ. ಇನ್ನೂ ಚೆನ್ನಾಗಿ ಬೆಳೆದದ್ದನ್ನೂ ಕೆಲವರು ಕಂಡಿದ್ದಾರೆ. ಶಬ್ದ ಬಾಗಿಲು ತೆಗೀತದೆ ಅಷ್ಟೇ. ಒಳಗೆ ಹೋಗೋರು ಬಾಗಿಲಲ್ಲಿ ನಿಂತಿರಬೇಕು.”

ಮಹಿಮಾ ಆ ಮಾತನ್ನು ಕೆಂಪು ಮಸಿಯಲ್ಲಿ ಬರೆದುಕೊಂಡಳು.

ಮೊದಲ ಹತ್ತು ದಿನ ಅಪ್ಪಯ್ಯನನ್ನು ಕೊಪ್ಪದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿಸಿ ನರಕ್ಕೆ ಔಷಧ ಕೊಟ್ಟರು. ದಿನಕ್ಕೊಮ್ಮೆ ಮಹಿಮಾ ಯಂತ್ರ ತಂದು, ಗಾಯದ ಸುತ್ತ ತಣ್ಣನೆಯ ಜೆಲ್ ಬಳಿದು, ಅಂಗೈಯಗಲದ ಬಿಲ್ಲೆಯನ್ನು ಇಪ್ಪತ್ತು ನಿಮಿಷ ಆಡಿಸುತ್ತಿದ್ದಳು. ಮೊದಲ ದಿನ ಅಪ್ಪಯ್ಯ ಕಿವಿ ಹತ್ತಿರ ತಂದು ಆಲಿಸಿದರು.

“ಎಂತದೂ ಕೇಳೂದಿಲ್ಲವಲ್ಲೇ ಕೂಸೇ.”

“ಕೇಳೂದಿಲ್ಲ ಅಪ್ಪಯ್ಯ. ಬಾವಲಿಗೆ ಕೇಳ್ತದಂತೆ.”

“ಸ್ವರ ಯಾವುದು? ಉದಾತ್ತವೋ, ಅನುದಾತ್ತವೋ?”

“ಎತ್ತರದ್ದೇ. ಆದ್ರೆ ಎತ್ತರದಲ್ಲಿ ಸ್ವಲ್ಪ ತಗ್ಗು.”

“ಹಾಗಾದ್ರೆ ನಿಂಗೆ ಸ್ವರಜ್ಞಾನ ಇಲ್ಲ” ಎಂದು ನಕ್ಕರು. “ನಲವತ್ತೈದು ವರ್ಷ ಎಲ್ಲರಿಗೂ ಕೇಳೂ ಹಾಗೆ ಹೇಳಿದೆ. ಈಗ ನನ್ನ ಕಾಲಿಗೆ ಯಾರಿಗೂ ಕೇಳದ ಮಂತ್ರ.”

ಕೀವು ಒಸರುವ ಮೈಯಲ್ಲಿ ವೇದ ಬಾಯಿಬಿಟ್ಟು ಹೇಳಬಾರದೆಂದು ಅವರ ನೇಮ. ಹಾಗಾಗಿ ತುಟಿ ಆಡಿಸದೆ, ಬೆರಳ ಗೆಣ್ಣು ಎಣಿಸುತ್ತ, ಮನಸ್ಸಿನಲ್ಲೇ ನಮಕ ಹೇಳಿಕೊಳ್ಳುತ್ತಿದ್ದರು. ಹನ್ನೊಂದನೇ ಅನುವಾಕ ಮುಗಿಯುವುದಕ್ಕೂ ಮಹಿಮಾಳ ಗಡಿಯಾರ ಇಪ್ಪತ್ತು ನಿಮಿಷ ತೋರಿಸುವುದಕ್ಕೂ ಸರಿಹೋಗುತ್ತಿತ್ತು. ಒಂಬತ್ತನೆಯ ದಿನ ಹತ್ತಿ ಒತ್ತಿದರೆ ಹತ್ತಿ ಒಣಗಿಯೇ ಬಂತು. ಧರ್ಮಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, “ಈಗಲೇ ಕುಣಿಯೋದು ಬೇಡ” ಎಂದರು. ಅವರ ಮುಖ ಮಾತ್ರ ಕುಣಿಯುತ್ತಿತ್ತು.

“ಶಿವರಾತ್ರಿಗೆ ರುದ್ರಕ್ಕೆ ಕೂರಬಹುದಾ ಡಾಕ್ಟ್ರೇ?”

“ಕೂರಿ. ನನ್ನ ಹೆಸರಲ್ಲೂ ಒಂದು ಹೇಳಿ.”

ನರಗಳು ಚುಚ್ಚಿಸಿಕೊಂಡು ಸೋತಿದ್ದವು. ಇನ್ನು ಬಾಯಿಗೆ ಕೊಟ್ಟರೆ ಸಾಕೆಂದು, ಕೆಂಪು ಕಪ್ಪು ಬಣ್ಣದ ಕ್ಯಾಪ್ಸೂಲು ಬರೆದು ಮನೆಗೆ ಕಳಿಸಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಒಂದು, ರಾತ್ರಿ ಒಂದು. ಮಧ್ಯಾಹ್ನದ್ದು ತೆಗೆದುಕೊಂಡ ಮೇಲೆ ಸರಿಯಾಗಿ ಎರಡು ಗಂಟೆ ಬಿಟ್ಟು ಶಬ್ದ ಕೊಡಬೇಕು. ಮಹಿಮಾಳ ಬಸ್ ಪ್ರಯಾಣ ಶುರುವಾದದ್ದು ಆಗ.

ಶೃಂಗೇರಿಯ ಮನೆಯಲ್ಲಿ ಅವಳನ್ನು ಎದುರುಗೊಳ್ಳುತ್ತಿದ್ದವರು ಅಮ್ಮ ಸರಸ್ವತಮ್ಮ. ಕೈಯೊರೆಸಿಕೊಳ್ಳುತ್ತ ಹೊರಬಂದು, ಮಗಳ ಮುಖ ನೋಡುವುದಕ್ಕೆ ಮೊದಲು ಪೆಟ್ಟಿಗೆಯ ಮುಖ ನೋಡುತ್ತಿದ್ದರು.

“ಎಲ್ಲೂ ಕುಟ್ಟಿಸಿಕೊಂಡು ಬರ್ಲಿಲ್ಲ ಅಲ್ದಾ ಅದನ್ನ?”

“ಇಲ್ಲಮ್ಮ. ಅಪ್ಪಯ್ಯಂಗೆ ಮಾತ್ರೆ ಆಯ್ತಾ?”

“ಊಟ ಆಗಿ ಕೈ ತೊಳೆದ ಕೂಡಲೇ ಕೊಟ್ಟಾಗಿದೆ. ನಿನ್ನ ಪಟ್ಟಿಗೆ ಬರ್ಕೊ.”

ಅವಳದೊಂದು ಪಟ್ಟಿ ಪುಸ್ತಕ. ದಿನ, ಹೊತ್ತು, ಮಾತ್ರೆ, ಶಬ್ದ, ಗಾಯ ಎಂದು ಐದು ಸಾಲು. ಬಾಯಿಮಾತನ್ನು ನಂಬಿ ಗುರುತು ಹಾಕುವವಳೂ ಅಲ್ಲ ಮಹಿಮಾ; ಗೂಡಿನಲ್ಲಿಟ್ಟ ಔಷಧದ ಹಾಳೆ ತೆಗೆದು, ಒಡೆದ ಗುಳಿಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿಯೇ ಗುರುತು ಹಾಕುತ್ತಿದ್ದಳು. ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ ಅಪ್ಪಯ್ಯನ ಬೆಳ್ಳಿ ಲೋಟ, ಉಪನಯನದಲ್ಲಿ ಅವರ ಸೋದರಮಾವ ಕೊಟ್ಟದ್ದು, ತೊಳೆದು ಬೋರಲು ಹಾಕಿರುತ್ತಿತ್ತು. ಅದರ ಪಕ್ಕದಲ್ಲೇ ಕೂತು ಅವಳು ಅಮ್ಮ ಕೊಟ್ಟ ಅವಲಕ್ಕಿ ತಿನ್ನುತ್ತಿದ್ದಳು.

ಮೂರನೆಯ ವಾರ ಹತ್ತಿಯಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. ಐದನೆಯ ವಾರಕ್ಕೆ ಅದು ಚುಕ್ಕೆಯಾಗಿ ಉಳಿಯಲಿಲ್ಲ.

ಧರ್ಮಪ್ಪ ಹುಬ್ಬು ಗಂಟಿಕ್ಕಿ ಪುಸ್ತಕ ತಿರುವಿದರು. “ಮಾತ್ರೆ ತಪ್ಪಿಲ್ಲ ತಾನೇ?”

“ಒಂದೂ ತಪ್ಪಿಲ್ಲ ಸಾರ್. ನಾನೇ ಎಣಿಸಿದ್ದೇನೆ.”

“ಇದೇ ಕ್ರಿಮಿಗೆ ಈ ಔಷಧ ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಹಿಡಿದಿತ್ತಲ್ಲ” ಎಂದು ತಮ್ಮಷ್ಟಕ್ಕೇ ಗೊಣಗಿದರು. “ದಿನ ಬಿಟ್ಟು ದಿನ ಸಾಲದು ಅನ್ನಿಸ್ತದೆ. ದಿನಾ ಕೊಡೋಕೆ ಆಗ್ತದಾ ನಿಮಗೆ?”

ಆಗುತ್ತದೆ ಎಂದಳು. ಮಕ್ಕಳು ಪಕ್ಕದ ಮನೆಯ ಪ್ರೇಮಕ್ಕನಲ್ಲಿ ಉಂಡವು. ಕ್ಲಿನಿಕ್ಕಿನ ಬಾಗಿಲಿಗೆ ಮಧ್ಯಾಹ್ನದ ಮೇಲೆ ದಿನವೂ ಬೀಗ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡೇ ನಿದ್ದೆ ಹೋಗುತ್ತಿದ್ದಳು. ಕಂಡಕ್ಟರು ಈಗ ತಮಾಷೆ ಮಾಡುತ್ತಿರಲಿಲ್ಲ, ಶೃಂಗೇರಿ ಬಂದಾಗ ಎಬ್ಬಿಸುತ್ತಿದ್ದ. ಇಪ್ಪತ್ತು ನಿಮಿಷ ಇಪ್ಪತ್ತೈದಾಯಿತು. ಅಪ್ಪಯ್ಯ ನಮಕ ಮುಗಿಸಿ ಚಮಕಕ್ಕೆ ಕೈ ಹಾಕಿದರು. ಶಿವರಾತ್ರಿಗೆಂದು ಹೊಸ ಮಡಿಪಂಚೆ ತರಿಸಿ ತಮ್ಮ ಟ್ರಂಕಿನಲ್ಲಿ ಇಟ್ಟಿದ್ದರು. ಗಾಯದ ಕಣ್ಣು ಒಂದಿದ್ದದ್ದು ಮೂರಾಯಿತು.

ಎಂಟನೆಯ ವಾರ, ಶಿವರಾತ್ರಿಗೆ ಒಂಬತ್ತು ದಿನ ಇರುವಾಗ, ಮಧ್ಯಾಹ್ನ ಅವಳು ಹೋಗಿ ನೋಡಿದರೆ ಅಪ್ಪಯ್ಯ ಚಳಿಜ್ವರದಲ್ಲಿ ಹಲ್ಲು ಕಡಿಯುತ್ತಿದ್ದರು. ಮೂರು ಕಂಬಳಿ ಹೊದಿಸಿ ಅಮ್ಮ ಕಾಲ ಬುಡದಲ್ಲಿ ಕೂತಿದ್ದರು. ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿ ಹೊಳೆಯುತ್ತಿತ್ತು. ಆ ದಿನ ಮಹಿಮಾ ಪೆಟ್ಟಿಗೆ ಬಿಚ್ಚಲಿಲ್ಲ. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ಮಾರನೆಯ ಬೆಳಿಗ್ಗೆ, ನರಕ್ಕೆ ಔಷಧ ಏರಿ ಜ್ವರ ಸ್ವಲ್ಪ ಇಳಿದ ಮೇಲೆ ಧರ್ಮಪ್ಪ ಬಂದರು. ಅಮ್ಮ ಕಶ್ಯಪನ ಜೊತೆ ಕೆಳಗೆ ಬಿಸಿನೀರು ತರಲು ಹೋಗಿದ್ದರು. ಡಾಕ್ಟರ ಕೈಯಲ್ಲಿ ರಕ್ತಪರೀಕ್ಷೆಯ ಕಾಗದವಿತ್ತು.

“ಭಟ್ರೇ, ನಿಮ್ಮ ರಕ್ತದಲ್ಲಿ ನಾನು ಕೊಟ್ಟ ಕ್ಯಾಪ್ಸೂಲಿನ ಔಷಧ ಸಾಸಿವೆಯಷ್ಟೂ ನಿಂತಿಲ್ಲ. ನಿಜ ಹೇಳಿ. ತಗೊಳ್ತಿದ್ರಾ?”

“ಸುಳ್ಳು ಹೇಳಿ ಎಂತ ಮಾಡ್ಲಿ? ಮೂರು ಹೊತ್ತೂ ತಗೊಂಡಿದ್ದೇನೆ.”

“ಹೇಗೆ ತಗೊಳ್ತಿದ್ರಿ?”

ಈ ಪ್ರಶ್ನೆಯನ್ನು ಮಹಿಮಾ ಎಂಟು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಹೇಗೆ ಅಂದ್ರೆ… ಅದರ ಸಿಪ್ಪೆ ನಾವು ತಿನ್ನೂ ವಸ್ತು ಅಲ್ಲವಲ್ಲ. ಇವಳಮ್ಮ ಬಿಡಿಸಿ ಪುಡಿ ತೆಗೆದು ಬಿಸಿ ಹಾಲಿಗೆ ಹಾಕಿ ಕೊಡ್ತಾಳೆ. ಪುಡಿ ಬಹಳ ಕಹಿ. ಹೊಟ್ಟೆನೂ ಉರೀತದೆ ಅಂತ ಒಂದು ಲೋಟ ತುಂಬ ಹಾಲು.”

ಧರ್ಮಪ್ಪ ಕಾಗದವನ್ನು ನಿಧಾನವಾಗಿ ಮಡಿಸಿದರು. ಎಷ್ಟು ಸಣ್ಣಗೆ ಮಡಿಸಬಹುದೋ ಅಷ್ಟು ಸಣ್ಣಗೆ ಮಡಿಸಿ ಜೇಬಿಗೆ ಹಾಕಿದರು. ಆಮೇಲೆ ಹೇಳಿದರು, ಎಂದಿನ ಹಾಗೆ ತಿಳಿಯುವ ಮಾತಿನಲ್ಲಿ. ಕೆಲವು ಔಷಧಗಳಿಗೆ ಹಾಲು ಆಗುವುದಿಲ್ಲ. ಹಾಲಿನಲ್ಲಿರುವ ಸುಣ್ಣದಂಶ ಔಷಧವನ್ನು ಹಿಡಿದುಕೊಂಡುಬಿಡುತ್ತದೆ. ಹೊಟ್ಟೆಯಿಂದ ರಕ್ತಕ್ಕೆ ಏರಲು ಬಿಡುವುದಿಲ್ಲ. “ನಾನು ಬಾಯಿಬಿಟ್ಟು ಹೇಳಬೇಕಿತ್ತು. ನುಂಗೋ ಮಾತ್ರೆ, ನೀರಲ್ಲೇ ನುಂಗ್ತಾರೆ ಅಂದ್ಕೊಂಡೆ. ಇದು ನನ್ನ ತಪ್ಪು.”

ಮಹಿಮಾಳಿಗೆ ಆ ಮಾತು ದೂರದಿಂದ ಕೇಳಿತು. ಹಾಲಿನ ವಿಷಯ ಕಾಲೇಜಿನಲ್ಲಿ ಓದಿದ್ದೇ. ಸಿಪ್ಪೆಯ ವಿಷಯ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದೇ. ಹದಿನಾಲ್ಕು ವರ್ಷದ ಹಿಂದೆ, ಕಾಲೇಜಿನ ಮೊದಲ ವರ್ಷದ ರಜೆಗೆ ಬಂದಿದ್ದಾಗ, ಅಪ್ಪಯ್ಯನಿಗೆ ನೆಗಡಿ ಜ್ವರ. ಅಮ್ಮ ಕ್ಯಾಪ್ಸೂಲು ತಂದುಕೊಟ್ಟಿದ್ದರು. ಹೊಸದಾಗಿ ಕಲಿತದ್ದು ನಾಲಗೆಯ ತುದಿಯಲ್ಲೇ ಇತ್ತು. “ಅಮ್ಮ, ಇದರ ಸಿಪ್ಪೆ ಎಂತದ್ದು ಗೊತ್ತಾ? ದನದ ಎಲುಬು, ಚರ್ಮ ಬೇಯಿಸಿ ಮಾಡ್ತಾರೆ. ನಿಮ್ಮ ಮಡಿ ಎಲ್ಲ ಆಯ್ತು” ಎಂದು ಬಿದ್ದುಬಿದ್ದು ನಕ್ಕಿದ್ದಳು. ಅಪ್ಪಯ್ಯ ಬಾಯಿಯ ಹತ್ತಿರ ತಂದಿದ್ದನ್ನು ಹಾಗೇ ಕೆಳಗಿಟ್ಟಿದ್ದರು. ಅಮ್ಮ ಅದನ್ನು ಎತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಬೆಳ್ಳಿ ಲೋಟ ಹಿಡಿದು ಬಂದಿದ್ದರು. ಮಹಿಮಾ ರಜೆ ಮುಗಿಸಿ ಹೋದಳು, ಓದಿದಳು, ಮದುವೆಯಾದಳು, ಎರಡು ಹೆತ್ತಳು, ಆ ಮಾತನ್ನು ಮರೆತಳು. ಆ ಮನೆಯಲ್ಲಿ ಮಾತ್ರ ಅದು ಮರೆಯುವ ಮಾತಾಗಿರಲಿಲ್ಲ. ಓದಿದ ಮಗಳು ಹೇಳಿದ್ದು.

ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟವನ್ನು ದಿನ ಬಿಟ್ಟು ದಿನ, ಆಮೇಲೆ ದಿನವೂ ನೋಡಿದ್ದಳು. ಡಾಕ್ಟರು ಹೇಳಿದ್ದ ಆ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ತಾನು ಮಾತ್ರ ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ ಬಾಗಿಲು ತೆಗೆದು ಹಿಡಿದಿದ್ದಳು. ಕ್ರಿಮಿಗಳು ಇನ್ನೂ ಚೆನ್ನಾಗಿ ಬೆಳೆದದ್ದನ್ನೂ ಕೆಲವರು ಕಂಡಿದ್ದಾರೆ ಎಂಬ ಮಾತು ನೆನಪಾಯಿತು.

“ಸಾರ್, ಹಾಲಿಲ್ಲದೇ ಇದ್ದಿದ್ರೆ ಕಾಲು ಉಳೀತಿತ್ತಾ?”

“ಹಾಗಂತ ನಾನು ಹೇಳಲಾರೆ.” ಹೊರಡುತ್ತ, “ಆದ್ರೆ ಒಂಬತ್ತನೇ ದಿನ ಒಣಗಿದ್ದು ಒಣಗಿದ್ದೇ” ಎಂದರು.

ಸಂಜೆಯೊಳಗೆ ಕಾಲು ತೆಗೆಯಬೇಕಿತ್ತು. ಇಲ್ಲವಾದರೆ ನಂಜು ರಕ್ತಕ್ಕೆಲ್ಲ ಏರುತ್ತಿತ್ತು. ಡಾಕ್ಟರು ಹೋದ ಮೇಲೆ ಅಪ್ಪಯ್ಯ ಮಗಳನ್ನು ಹತ್ತಿರ ಕರೆದರು.

“ಕೂಸೇ, ಈ ಹಾಲಿನ ಮಾತು ನಿನ್ನಮ್ಮನ ಕಿವಿಗೆ ಬೀಳಬಾರದು.”

“ಅಪ್ಪಯ್ಯ…”

“ಅವಳು ಲೋಟದ ತಳದಲ್ಲಿ ಪುಡಿ ಉಳೀತದೆ ಅಂತ ಮತ್ತೆ ಸ್ವಲ್ಪ ಹಾಲು ಹಾಕಿ ಗಲಬರಿಸಿ ಕೊಡ್ತಿದ್ದಳು. ಗೊತ್ತಾಯ್ತಾ? ಒಂದು ಹೊತ್ತೂ ಬಿಡದೆ. ಇದು ತಿಳಿದ್ರೆ ಅವಳು ಉಳಿಯೂದಿಲ್ಲ.”

“ಕೇಳಿದ್ರೆ ಎಂತ ಹೇಳೂದು?”

ಒಂದು ಸುಳ್ಳು ಆಡಿ ಗೊತ್ತಿಲ್ಲದ ಮನುಷ್ಯ. “ಅದನ್ನ ನೀನೇ ನೋಡ್ಕೊ. ನಂಗೆ ಅಭ್ಯಾಸ ಇಲ್ಲ.”

ಅಮ್ಮ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದರು. ಗಂಡನ ಮುಖ ನೋಡಿದರು, ಮಗಳ ಮುಖ ನೋಡಿದರು. “ಎಂತ ಹೇಳಿದ್ರು ಡಾಕ್ಟ್ರು?”

ಮಹಿಮಾ ಅವರನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. “ಕಾಲು ತೆಗೀಬೇಕಂತೆ ಅಮ್ಮ. ಯಂತ್ರ ಹಿಡಿಸಲಿಲ್ಲ. ನಾನು ಕೊಟ್ಟ ಶಬ್ದ ಜಾಸ್ತಿ ಆಯ್ತು. ಅದರಿಂದಲೇ ಹೆಚ್ಚಾದ್ದು.”

ಅದರಲ್ಲಿ ಎಷ್ಟು ಸುಳ್ಳು ಎಷ್ಟು ನಿಜ ಎಂದು ಹೇಳುತ್ತಿದ್ದವಳಿಗೂ ಗೊತ್ತಿರಲಿಲ್ಲ.

ಸರಸ್ವತಮ್ಮ ಅಳಲಿಲ್ಲ. ಫ್ಲಾಸ್ಕನ್ನು ಪಕ್ಕದಲ್ಲಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ನಾನು ಅವತ್ತೇ ಹೇಳಿದ್ದೆ ಅವರ ಹತ್ರ. ಮೈಯೊಳಗೆ ಕೇಳದ ಶಬ್ದ ಎಲ್ಲ ಬಿಡೂದು ಬೇಡ ಅಂತ. ಮಗಳು ಓದಿದವಳು, ಅವಳಿಗೆ ಗೊತ್ತು ಅಂದ್ರು.” ಆಮೇಲೆ, “ಮಾತ್ರೆ ಒಂದೂ ನಾನು ತಪ್ಪಿಸಲಿಲ್ಲ. ಅದೊಂದು ಸಮಾಧಾನ ನಂಗೆ” ಎಂದರು.

“ಇಲ್ಲಮ್ಮ. ನೀನು ಒಂದೂ ತಪ್ಪಿಸಲಿಲ್ಲ.”

ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ಕಶ್ಯಪ ಆಸ್ಪತ್ರೆಯಲ್ಲಿ ಕೇಳಿ ಅದನ್ನು ಪಡೆದು, ತುಂಗೆಯ ದಂಡೆಯಲ್ಲಿ ದಹನ ಮಾಡಿಸಿ ಬೂದಿಯನ್ನು ನೀರಿಗೆ ಬಿಟ್ಟು ಬಂದ. ಶಿವರಾತ್ರಿಯ ದಿನ ಅಪ್ಪಯ್ಯ ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಬೆರಳುಗಳು ಗೆಣ್ಣು ಎಣಿಸುತ್ತಿರಲಿಲ್ಲ.

ಯಂತ್ರವನ್ನು ಕಾಲೇಜಿಗೆ ವಾಪಸು ಕಳಿಸುವಾಗ ಮಹಿಮಾ ತನ್ನ ಪಟ್ಟಿ ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಬರೆದಳು. ಹಾಲು, ಲೋಟ, ಬಿಡಿಸಿದ ಸಿಪ್ಪೆ, ಯಾವ ವಾರದಿಂದ, ಯಾರು ಕೇಳಲಿಲ್ಲ. ಬೇರೆ ಯಾರದೋ ಅಪ್ಪನ ಕಾಲಿಗೆ ಇದು ಬೇಕಾಗಬಹುದು; ಸೋತದ್ದು ಶಬ್ದವೆಂದು ಅವರು ತಿಳಿಯಬಾರದು. ಬರೆದ ಹಾಳೆಯನ್ನು ಧರ್ಮಪ್ಪನವರ ಕೈಗೆ ಕೊಟ್ಟಳು. ಅವರು ಓದಿ, ‘ಯಾರು ಕೇಳಲಿಲ್ಲ’ ಎಂಬಲ್ಲಿ ಅವಳ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರನ್ನೂ ಸೇರಿಸಿದರು.

ಹೀಗೆ ಒಂದು ಕಡೆ ನಿಜ ಬರೆದದ್ದಾಯಿತು. ಇನ್ನೊಂದು ಕಡೆ ಕಷ್ಟ ಉಳಿದೇ ಇತ್ತು. ಮನೆಗೆ ಬಂದ ಮೇಲೂ ಮೂರು ವಾರ ಅದೇ ಜಾತಿಯ ಕ್ಯಾಪ್ಸೂಲು ಕೊಡಬೇಕಿತ್ತು.

ಮೊದಲ ಮಧ್ಯಾಹ್ನ ಮಹಿಮಾ ಅಲ್ಲೇ ಇದ್ದಳು. ಅಪ್ಪಯ್ಯನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ಒಳಗೆ ಹಾಲು ಉಕ್ಕುವ ಸದ್ದು, ಚಮಚ ಲೋಟಕ್ಕೆ ತಾಗುವ ಸದ್ದು. ಅಮ್ಮ ಬೆಳ್ಳಿ ಲೋಟ ಹಿಡಿದು ಹೊಸಿಲು ದಾಟುತ್ತಿದ್ದರು. ಬೇಡ ಎನ್ನಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಇವತ್ತು ಯಾಕೆ ಬೇಡ ಎಂದು ಹೇಳಿದರೆ ಅವತ್ತು ಯಾಕೆ ಬೇಕಿತ್ತು ಎಂದು ತಾವೇ ಕೂಡಿಸಿಕೊಳ್ಳುತ್ತಾರೆ. ಮಹಿಮಾ ಬಾಯಿ ತೆರೆದಳು.

“ಅದನ್ನ ಒಳಗಿಡು” ಎಂದರು ಶ್ರೀನಿವಾಸಮೂರ್ತಿಗಳು. “ನಾನು ಹಾಲು ಬಿಟ್ಟಿದ್ದೇನೆ.”

“ಎ‌ಂತ?”

“ಬಿಟ್ಟಿದ್ದೇನೆ. ಕಾಶಿಗೆ ಹೋದವರು ಇಷ್ಟದ್ದು ಒಂದು ಬಿಟ್ಟು ಬರೂದಿಲ್ವಾ, ಹಾಗೆ.”

“ಕಾಶಿಗೆ ಯಾವಾಗ ಹೋಗಿದ್ರಿ ನೀವು?”

“ಒಂದು ಕಾಲು ಹೊಳೆಗೆ ಬಿಟ್ಟಾಗಿದೆ. ಅದಕ್ಕಿಂತ ಕಾಶಿ ಬೇಕಾ?”

ಸರಸ್ವತಮ್ಮ ಲೋಟ ಹಿಡಿದು ನಿಂತೇ ಇದ್ದರು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹಾಲೆಂದರೆ ಆ ಮನುಷ್ಯನಿಗೆ ಪ್ರಾಣ. ಮಲಗುವ ಮುಂಚೆ ಕೆನೆ ಕಟ್ಟಿದ ಹಾಲು, ಎದ್ದ ಕೂಡಲೇ ನೊರೆಹಾಲಿನ ಕಾಫಿ. ಹೋಮದ ಮನೆಯಲ್ಲಿ ದಕ್ಷಿಣೆ ಮರೆತರೂ ಪಾಯಸ ಮರೆಯುತ್ತಿರಲಿಲ್ಲ.

“ಹಣ್ಣೋ ತರಕಾರಿಯೋ ಬಿಡೂದು ಕೇಳಿದ್ದೆ. ಹಾಲು ಯಾರಾದ್ರೂ ಬಿಡ್ತಾರಾ? ಕಾಫಿಗೆ?”

“ಡಿಕಾಕ್ಷನ್ ಕೊಡು.”

“ಈ ಕಹಿ ಪುಡಿ?”

“ಜೇನುತುಪ್ಪದಲ್ಲಿ ಕೊಡು. ಅದನ್ನೇನೂ ಬಿಟ್ಟಿಲ್ಲ.”

ಮಹಿಮಾ ಅಪ್ಪಯ್ಯನ ಮುಖ ನೋಡಿದಳು. ಅವರು ಇವಳ ಕಡೆ ನೋಡಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು, ಸುಳ್ಳಾಗದ ಹಾಗೆ ಆ ಮಾತನ್ನು ನಿಜ ಮಾಡಿಕೊಂಡುಬಿಟ್ಟಿದ್ದರು. ಆವತ್ತಿನಿಂದ ಅವರು ಒಂದು ತೊಟ್ಟು ಹಾಲು ಮುಟ್ಟಿದವರಲ್ಲ. ಮೂರು ವಾರದ ಕ್ಯಾಪ್ಸೂಲು ಮುಗಿದ ಮೇಲೂ ಮುಟ್ಟಲಿಲ್ಲ.

ಈಗ ಅದೆಲ್ಲ ಆಗಿ ಎರಡು ವರ್ಷ. ಪಾಠಕ್ಕೆ ಮೂರು ನಾಲ್ಕು ವಿದ್ಯಾರ್ಥಿಗಳು ಬರುತ್ತಾರೆ. ಹೇಳಿಕೊಡಲು ಕಾಲು ಬೇಡ. ಹೋಮಕ್ಕೆ ಯಾರೂ ಕರೆಯುವುದಿಲ್ಲ, ಕರೆದರೂ ಅವರು ಹೋಗುವುದಿಲ್ಲ. ಆ ಹೊಸ ಮಡಿಪಂಚೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲೇ ಇದೆ. ಮಹಿಮಾ ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ. ಅಮ್ಮನಿಗೆ ಮಂಡಿ ನೋವು. ಕೊಪ್ಪಕ್ಕೆ ಬಾ, ಹತ್ತು ದಿನದಲ್ಲಿ ಕಡಿಮೆ ಮಾಡುತ್ತೇನೆ ಎಂದರೆ ಸರಸ್ವತಮ್ಮ ಒಪ್ಪುವುದಿಲ್ಲ. “ನಿನ್ನ ಮಿಷನ್ನಿನ ಸಹವಾಸ ನಂಗೆ ಬೇಡ” ಎನ್ನುತ್ತಾರೆ. ಹಾಗಾಗಿ ಮಗಳು ಜಗಲಿಯಲ್ಲಿ ಕೂತು ಎಣ್ಣೆ ಬಿಸಿ ಮಾಡಿ ಕೈಯಲ್ಲೇ ತಿಕ್ಕುತ್ತಾಳೆ.

ಮೊನ್ನೆ ಭಾನುವಾರವೂ ತಿಕ್ಕುತ್ತಿದ್ದಳು. ಎದುರು ಮನೆಯ ಸೀತಕ್ಕ ಬಂದು ಕಂಬಕ್ಕೊರಗಿ ಕೂತಿದ್ದರು. ಒಳಗಿನ ಕೋಣೆಯಿಂದ ಅಪ್ಪಯ್ಯ ಒಂದು ಸಾಲು ಹೇಳುವುದು, ವಿದ್ಯಾರ್ಥಿಗಳು ಎರಡು ಸಲ ತಿರುಗಿ ಹೇಳುವುದು ಕೇಳುತ್ತಿತ್ತು.

“ಮಗಳು ಚೆನ್ನಾಗಿ ತಿಕ್ತಾಳೆ ಬಿಡಿ ಸರಸ್ವತಮ್ಮ. ಪುಣ್ಯ ಮಾಡಿದ್ದೀರಿ.”

“ಕೈ ಒಳ್ಳೇದೇ. ಮಿಷನ್ನೇ ಕೆಟ್ಟದ್ದು” ಎಂದರು ಸರಸ್ವತಮ್ಮ. ಸೀತಕ್ಕನಿಗೆ ನೂರನೇ ಸಲ ಹೇಳುತ್ತಿದ್ದದ್ದನ್ನು ಮೊದಲನೇ ಸಲದ ಹಾಗೆ ಹೇಳಿದರು. “ಕೊಪ್ಪದಲ್ಲಿ ಇರುವಾಗ ಗಾಯ ಒಣಗಿತ್ತು ಸೀತಕ್ಕ, ಕಣ್ಣಾರೆ ನೋಡಿದ್ದೇನೆ. ಮನೆಗೆ ಬಂದ ಮೇಲೆ ನಾನು ಮಾತ್ರೆ ಹಾಲು ಎಲ್ಲ ಹೊತ್ತುಹೊತ್ತಿಗೆ ನೋಡ್ಕೊಂಡೆ. ಇವಳೊಬ್ಬಳು ಆ ಪೆಟ್ಟಿಗೆ ಹೊತ್ತು ತರದೇ ಇದ್ದಿದ್ರೆ ಅವರ ಕಾಲು ಇರ್ತಿತ್ತು. ಅಲ್ದನೇ?”

ಒಳಗಿನ ಪಾಠ ನಿಂತಿತು.

“ಹೌದಮ್ಮ” ಎಂದಳು ಮಹಿಮಾ. ಅಂಗೈಗೆ ಇನ್ನಷ್ಟು ಎಣ್ಣೆ ಹಾಕಿಕೊಂಡಳು.

ಒಳಗೆ ಅಪ್ಪಯ್ಯ ಒಮ್ಮೆ ಕೆಮ್ಮಿ, ಬಿಟ್ಟ ಸಾಲನ್ನು ಮತ್ತೆ ಮೊದಲಿಂದ ಹೇಳಿದರು, ಎಂದಿಗಿಂತ ಸ್ವಲ್ಪ ಎತ್ತರದ ದನಿಯಲ್ಲಿ. ಸರಸ್ವತಮ್ಮ ಕಿವಿಗೊಟ್ಟು ಕೇಳಿ, “ಗಂಟಲು ಒಣಗಿದೆ ಅವರದ್ದು” ಎಂದು ಕಾಲು ಎಳೆದುಕೊಂಡು ಎದ್ದು, ಡಿಕಾಕ್ಷನ್ ಬಿಸಿ ಮಾಡಲು ಒಳಗೆ ಹೋದರು.